ಅಪ್‌ಡೇಟ್: ಕೊನೆಗೂ ಸೀಟು ಸಿಕ್ಕಿತು, ಹೆಸರೂ ಅರ್ಥವಾಯಿತು

ಲಂಡನ್‌ನಲ್ಲಿ ನಾಟಕ ನೋಡಬೇಕು, ಸ್ಟಾಲ್ಸ್, ಡ್ರೆಸ್ ಸರ್ಕಲ್, ಅಪ್ಪರ್ ಸರ್ಕಲ್ ಅಂದರೆ ಯಾವ ಸೀಟುಗಳು ಎಂದು ಇಲ್ಲಿ ಹಿಂದೆ ಕೇಳಿದ್ದೆನಲ್ಲ, ನೋಡಿಕೊಂಡು ಬಂದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಸ್ಟಾಲ್ಸ್ ಅಂದರೆ ನೆಲಮಟ್ಟದ ಸೀಟುಗಳು. ಅಂಗಡಿ ಸಾಲು ಅಂದುಕೊಂಡಿದ್ದೆ, ನಗಬೇಡಿ! ಅದೇ ಜಾಗಕ್ಕೆ ಅಮೆರಿಕದಲ್ಲಿ ಆರ್ಕೆಸ್ಟ್ರಾ ಎನ್ನುತ್ತಾರೆ. ನಾನಾಗಿದ್ದರೆ ವಾದ್ಯದವರ ಪಕ್ಕ ಕೂರಿಸುತ್ತಾರೆ ಅಂತ ಬಿಟ್ಟೇಬಿಡುತ್ತಿದ್ದೆ. ಜರ್ಮನಿಯಲ್ಲಿ ಅದು ಪಾರ್ಕೆಟ್, ಇಟಲಿಯಲ್ಲಿ ಪ್ಲಾಟೆಯಾ.

ಡ್ರೆಸ್ ಸರ್ಕಲ್ ಅದರ ಮೇಲಿನ ಮೊದಲ ಬಾಲ್ಕನಿ. ಹಿಂದೆ ಅಲ್ಲಿ ಕೂರುವವರು ಸಂಜೆಯ ಠೀವಿಯ ಉಡುಪಿನಲ್ಲೇ ಬರಬೇಕಿತ್ತಂತೆ, ಅದಕ್ಕೇ ಆ ಹೆಸರು. ಈಗ ಜೀನ್ಸ್ ಹಾಕಿಕೊಂಡು ಹೋದರೂ ಯಾರೂ ಕೇಳುವುದಿಲ್ಲ. ನ್ಯೂಯಾರ್ಕ್‌ನ ಬ್ರಾಡ್‌ವೇ ಥಿಯೇಟರ್‌ಗಳಲ್ಲಿ ಹೆಚ್ಚಾಗಿ ಇದನ್ನೇ ಮೆಜ್ಜನೈನ್ ಎನ್ನುತ್ತಾರೆ. ಡ್ರೆಸ್ ಸರ್ಕಲ್‌ಗೂ ಮೇಲಿನ ಬಾಲ್ಕನಿ ಅಪ್ಪರ್ ಸರ್ಕಲ್. ಎಲ್ಲಕ್ಕಿಂತ ಮೇಲಿನ ಅಗ್ಗದ ಸೀಟುಗಳಿಗೆ ಬ್ರಿಟಿಷರ ಅಡ್ಡಹೆಸರು ‘ದಿ ಗಾಡ್ಸ್’. ಫ್ರೆಂಚರದು ‘ಪಾರಾದಿ’, ಅಂದರೆ ಸ್ವರ್ಗ. ದೇವರ ಹತ್ತಿರ ಕೂತರೂ ನಟರ ಮುಖ ಕಾಣಬೇಕಲ್ಲ!

ನಾನು ತೆಗೆದುಕೊಂಡಿದ್ದು ಡ್ರೆಸ್ ಸರ್ಕಲ್‌ನ ಎರಡನೇ ಸಾಲು. ಇಡೀ ವೇದಿಕೆ ಚೆನ್ನಾಗಿ ಕಂಡಿತು. ಸ್ಟಾಲ್ಸ್‌ನ ಹಿಂದಿನ ಸಾಲು ಬೇಡ ಎಂದವರ ಮಾತು ನಿಜ, ಮೇಲಿನ ಬಾಲ್ಕನಿ ತಲೆಯ ಮೇಲೆ ಚಾಚಿಕೊಂಡು ವೇದಿಕೆಯ ಮೇಲ್ಭಾಗ ಮರೆಯಾಗುತ್ತದೆ. ಇಂಟರ್‌ವಲ್‌ನಲ್ಲಿ ಸುಮ್ನೆ ಹೋಗಿ ನೋಡಿದೆ.

ಒಂದೇ ಕೊರಗು: ಮುಂದಿನ ಸಾಲಿಗೂ ನಮ್ಮ ಸಾಲಿಗೂ ನಡುವೆ ಕಾಲಿಗೆ ಜಾಗ ಕಮ್ಮಿ. ಉದ್ದ ಕಾಲಿನವರು ಅಂಚಿನ ಸೀಟನ್ನೇ ಹಿಡಿಯಿರಿ.