ಪದಚರ್ಚೆ: ‘ಮಿಟಿಗೇಷನ್’ನಲ್ಲಿ ತಗ್ಗುವುದು ಯಾವುದು?

ಮಾನ್ಯರೇ,

ಕೊಲೆ ಪ್ರಕರಣವೊಂದರ ತೀರ್ಪನ್ನು ಕನ್ನಡಕ್ಕೆ ತರುವಾಗ ‘ಮಿಟಿಗೇಟಿಂಗ್ ಸರ್ಕಮ್‌ಸ್ಟನ್ಸಸ್’ ಎಂಬ ಮಾತಿನ (ಶಿಕ್ಷೆ ನಿಗದಿಪಡಿಸುವಾಗ ಅಪರಾಧಿಯ ಪರವಾಗಿ ತೂಗುವ ಸಂಗತಿಗಳು) ಬಳಿ ತಡೆದು ನಿಂತಿದ್ದೇನೆ. ‘ಉಪಶಮನಕಾರಿ ಸಂದರ್ಭಗಳು’ ಎಂದು ಬರೆಯಬಹುದು. ಆದರೆ ಉಪಶಮನ ಎಂದೊಡನೆ ಓದುಗರಿಗೆ ನೆನಪಾಗುವುದು ನೋವು, ಕೆಮ್ಮು, ಜ್ವರ. ಸುದ್ದಿಬರಹದ ಜಾಡಿನಲ್ಲಿ ‘ವಕೀಲರು ಕರುಣೆ ತೋರುವಂತೆ ಕೋರಿದರು’ ಎಂದರೆ ತಪ್ಪು ಇನ್ನೂ ದೊಡ್ಡದಾಗುತ್ತದೆ. ಕರುಣೆ ಎಂಬುದು ತೋರುವವರ ಮನಸ್ಸಿಗೆ ಬಿಟ್ಟದ್ದು, ಇದು ಹಾಗಲ್ಲ. ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೂ ಶಿಕ್ಷೆಯ ಪ್ರಮಾಣದ ಕುರಿತು ಅವನ ಮಾತನ್ನು ನ್ಯಾಯಾಧೀಶರು ಕೇಳಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 235(2)ನೆಯ ಕಲಂ ವಿಧಿಸಿತ್ತು; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಮಾತು 258(2)ರಲ್ಲಿದೆ.

ನನ್ನ ನಿಜವಾದ ತೊಡಕು ಕರ್ಮಪದದ್ದು. ‘ತಗ್ಗಿಸುವ’ ಎಂದರೆ ಏನನ್ನು? ‘ಅಪರಾಧದ ತೀವ್ರತೆ ತಗ್ಗಿಸುವ’ ಎಂಬ ಪ್ರಯೋಗವನ್ನು ನಾನು ಒಪ್ಪಲಾರೆ. ಹಠಾತ್ತಾದ ಗಂಭೀರ ಪ್ರಚೋದನೆಗೆ ಸಿಕ್ಕು ಕೊಂದವನ ವಿಷಯದಲ್ಲಿ ಅಪರಾಧವೇ ಬದಲಾಗಿ, ಕೊಲೆಯೆನಿಸದ ನರಹತ್ಯೆಯಾಗುತ್ತದೆ. ಅದು ಶಿಕ್ಷೆಯ ಮಾತಿಗೆ ಮೊದಲೇ, ಪ್ರತಿವಾದದ ಹಂತದಲ್ಲಿ ಇತ್ಯರ್ಥವಾಗಬೇಕಾದದ್ದು. ‘ಹೊಣೆ ತಗ್ಗಿಸುವ’ ಎನ್ನೋಣವೆಂದರೆ ಅದೂ ಪೂರ್ತಿ ಹೊಂದುವುದಿಲ್ಲ. ಮರಣದಂಡನೆಯ ಕುರಿತಾದ 1980ರ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಗಮನಿಸಿದ ಸಂಗತಿಗಳಲ್ಲಿ ತೀವ್ರ ಮಾನಸಿಕ ಕ್ಷೋಭೆ, ಇನ್ನೊಬ್ಬರ ಬಲವಂತ ಅಥವಾ ಹಿಡಿತದಲ್ಲಿ ಕೃತ್ಯವೆಸಗಿದ್ದು ಇವು ಹೊಣೆಯನ್ನು ಮುಟ್ಟುತ್ತವೆ, ನಿಜ. ಆದರೆ ಅದೇ ಪಟ್ಟಿಯಲ್ಲಿರುವ ‘ಸುಧಾರಿಸುವ ಸಾಧ್ಯತೆ’ ಮುಂದಿನ ದಿನಗಳಿಗೆ ಸಂಬಂಧಿಸಿದ್ದು. 2022ರ ಮನೋಜ್ ಪ್ರಕರಣದಲ್ಲಿ ಅದೇ ಕೋರ್ಟಿನ ತೀರ್ಪು ಮರಣದಂಡನೆ ವಿಧಿಸಬಹುದಾದ ಪ್ರಕರಣಗಳಲ್ಲಿ ಬಾಲ್ಯ, ಕುಟುಂಬ, ಮನೋಸ್ಥಿತಿಗಳ ಜೊತೆಗೆ ಸೆರೆಮನೆಯಲ್ಲಿನ ನಡತೆಯ ವಿವರವನ್ನೂ ವಿಚಾರಣಾ ಹಂತದಲ್ಲೇ ಕಲೆಹಾಕಬೇಕೆಂದಿತು. ಜೈಲಿನಲ್ಲಿ ಅಕ್ಷರ ಕಲಿತವನ ಅಂದಿನ ಹೊಣೆ ಅದರಿಂದ ಎಳ್ಳಷ್ಟೂ ಕುಗ್ಗದು. ಶಿಕ್ಷೆ ಮಾತ್ರ ಕುಗ್ಗಬಹುದು.

ಆದ್ದರಿಂದ ‘ಶಿಕ್ಷೆ ತಗ್ಗಿಸಬಲ್ಲ ಸಂಗತಿಗಳು’ ಎಂದು ಸದ್ಯಕ್ಕೆ ಬರೆದಿಟ್ಟುಕೊಂಡಿದ್ದೇನೆ. ‘ತಗ್ಗಿಸುವ’ ಎಂದರೆ ಶಿಕ್ಷೆ ತಗ್ಗಿಯೇ ತೀರುತ್ತದೆಂಬ ಭರವಸೆ ಕೊಟ್ಟಂತಾಗುತ್ತದೆ. ‘ಬಲ್ಲ’ ತೂಗಿ ನೋಡುವ ಕೆಲಸವನ್ನು ನ್ಯಾಯಾಧೀಶರಿಗೇ ಬಿಡುತ್ತದೆ. ‘ಶಿಕ್ಷೆ ಕಡಿತ’ ಬೇಡವೆನಿಸಿತು, ಏಕೆಂದರೆ ಅದು ವಿಧಿಸಿಯಾದ ಶಿಕ್ಷೆಯನ್ನು ಸರ್ಕಾರ ಮಾಫಿ ಮಾಡುವುದಕ್ಕೆ ಹತ್ತಿರವಾಗಿದೆ. ತೀರ್ಪು ಕೇಳಲು ಬಂದ ಅಪರಾಧಿಯ ತಾಯಿಗೂ, ಸತ್ತವನ ಹೆಂಡತಿಗೂ ಒಂದೇ ಓದಿಗೆ ತಿಳಿಯುವ ಪದ ನನಗೆ ಬೇಕು. ಕೃತ್ಯವನ್ನು ಸಮರ್ಥಿಸಿದರೆಂದು ಅವರಲ್ಲಿ ಯಾರಿಗೂ ತೋರಬಾರದು.

ಇದಕ್ಕೆ ಎದುರಾದ ‘ಆಗ್ರವೇಟಿಂಗ್’ಗೆ ‘ಶಿಕ್ಷೆ ಹೆಚ್ಚಿಸಬಲ್ಲ’ ಎಂದರೆ ಜೋಡಿ ಕೂಡುತ್ತದೆ. ಕರ್ನಾಟಕದ ವಿಚಾರಣಾ ನ್ಯಾಯಾಲಯಗಳಲ್ಲಿ ಕನ್ನಡದಲ್ಲೇ ವಾದಿಸುವ ವಕೀಲರು ಈ ಹಂತದಲ್ಲಿ ಬಾಯಿಮಾತಿನಲ್ಲಿ ಯಾವ ಪದ ಬಳಸುತ್ತೀರಿ, ದಯವಿಟ್ಟು ತಿಳಿಸುವಿರಾ?