ಹೊಸ ಜಿಪಿಎಸ್ ಟ್ರೋಲಿಂಗ್ ಮೋಟಾರ್: ಆ್ಯಂಕರ್ ಮೋಡ್‌ನಲ್ಲಿ ದೋಣಿ ಸುತ್ತು ಹೊಡೆಯುತ್ತದೆ, ಜೋರು ಗಾಳಿಗೆ ಆಫ್ ಆಗಿ ಆನ್ ಆಗುತ್ತದೆ

ಗೊರೂರು ಹಿನ್ನೀರು, ಹಾಸನ

ಎಲ್ಲರಿಗೂ ನಮಸ್ಕಾರ. ಜಿಪಿಎಸ್ ಇರುವ ಟ್ರೋಲಿಂಗ್ ಮೋಟಾರ್, ಅಂದರೆ ದೋಣಿಯನ್ನು ಸದ್ದಿಲ್ಲದೆ ನಡೆಸುವ ಸಣ್ಣ ಬ್ಯಾಟರಿ ಮೋಟಾರ್, ತೆಗೆದುಕೊಂಡಿದ್ದೇನೆ. ಆ್ಯಂಕರ್ ಮೋಡ್ ಹಾಕಿದರೆ ಇದು ಲಂಗರಿಲ್ಲದೆ ದೋಣಿಯನ್ನು ಒಂದೇ ಜಾಗದಲ್ಲಿ ಹಿಡಿದು ನಿಲ್ಲಿಸಬೇಕು. ಒಂದು ಕಡೆ ಬಹಳ ಖುಷಿಯಾಗಿದೆ, ಇನ್ನೊಂದು ಕಡೆ ಎರಡು ತೊಂದರೆ ಕಾಡುತ್ತಿವೆ. ಬಳಸಿ ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ಮೊದಲು ಖುಷಿಯ ಮಾತು. ಇದು ಅಮೆರಿಕದಲ್ಲಿ ಬ್ಯಾಸ್ ಮೀನು ಹಿಡಿಯುವವರ ಕೈಯಲ್ಲಿ ಬೆಳೆದ ಸಾಮಾನು. ಅಲ್ಲಿನ ಲಾರ್ಜ್‌ಮೌತ್ ಬ್ಯಾಸ್ ಮುಳುಗಿದ ಮರ, ಜೊಂಡು, ಕಲ್ಲಿನ ಮರೆಯಲ್ಲಿ ಹೊಂಚು ಹಾಕಿ ಕೂರುತ್ತದೆ. ಅಲ್ಲಿಂದ ಒಂದು ಎಸೆತದ ದೂರದಲ್ಲಿ ದೋಣಿ ಸದ್ದಿಲ್ಲದೆ ನಿಲ್ಲಬೇಕು, ಲಂಗರು ಎಸೆದರೆ ಮೀನು ಓಡಿಹೋಗುತ್ತದೆ. ನಮ್ಮ ಕೊರವ ಮೀನಿನ ಬುದ್ಧಿಯೂ ಹೆಚ್ಚು ಕಮ್ಮಿ ಅದೇ ಅಲ್ವಾ? ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ ಚರ್ಚ್ ಕಡೆ ಜೊಂಡಿನ ಅಂಚಿಗೆ ಹೋಗಿ ರಿಮೋಟ್‌ನಲ್ಲಿ ಆ್ಯಂಕರ್ ಗುಂಡಿ ಒತ್ತಿದೆ. ಗಾಳಿ ಇಲ್ಲದ ಬೆಳಗಿನ ಹೊತ್ತು, ದೋಣಿ ಅಲ್ಲೇ ನಿಂತಿತು. ಹುಟ್ಟು ಹಾಕುವ ಕೆಲಸವಿಲ್ಲ, ಎರಡೂ ಕೈ ಗಾಳಕ್ಕೆ ಸಿಗುತ್ತವೆ. ಇದು ಎಷ್ಟು ದೊಡ್ಡ ಅನುಕೂಲ ಅಂತ ಒಂಟಿಯಾಗಿ ದೋಣಿ ನಡೆಸಿದವರಿಗೆ ಮಾತ್ರ ಗೊತ್ತು.

ಈಗ ತೊಂದರೆ. ಮಧ್ಯಾಹ್ನ ಪಶ್ಚಿಮದ ಗಾಳಿ ಎದ್ದ ಮೇಲೆ ಆ್ಯಂಕರ್ ಹಾಕಿದರೆ ಮೋಟಾರ್ ನೇರ ಗುರುತಿನ ಜಾಗಕ್ಕೆ ಹೋಗುವುದಿಲ್ಲ. ಪಕ್ಕಕ್ಕೆ ಎಳೆದು, ತಿದ್ದಿಕೊಂಡು, ಮತ್ತೆ ಪಕ್ಕಕ್ಕೆ ಎಳೆದು ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತು ಹೊಡೆಯುತ್ತದೆ. ಎರಡನೆಯದು, ಗಾಳಿ ಇನ್ನೂ ಜಾಸ್ತಿಯಾಗಿ ಮೋಟಾರ್ ಪೂರ್ತಿ ಜೋರಿಗೆ ಬಂದಾಗ ಅದರ ತಲೆಯ, ಅಂದರೆ ಎಲೆಕ್ಟ್ರಾನಿಕ್ಸ್ ಇರುವ ಮೇಲ್ಭಾಗದ, ದೀಪ ಆರಿ, ಬೀಪ್ ಎಂದು ಮತ್ತೆ ಶುರುವಾಗುತ್ತದೆ. ಅಷ್ಟರಲ್ಲಿ ಗುರುತು ಅಳಿಸಿಹೋಗಿರುತ್ತದೆ.

ಮೋಟಾರ್ 12 ವೋಲ್ಟ್, 55 ಪೌಂಡ್ ತಳ್ಳುಬಲ, ಮೂತಿಗೆ ಕೂರಿಸುವ ಮಾದರಿ. ದಿಕ್ಸೂಚಿ ಸೆನ್ಸರ್ ಬೇರೆಯೇ ಇದೆ, ಅದನ್ನು ಮುಂದಿನ ಹಲಗೆಯ ಮೇಲೆ ಅಂಟಿಸಿದೆ. ದೋಣಿ 14 ಅಡಿ ಫೈಬರ್. ಬ್ಯಾಟರಿ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಲೆಡ್ ಆ್ಯಸಿಡ್, ಮನೆಯ ಯುಪಿಎಸ್‌ಗೆ ಹಾಕುವಂಥದ್ದು. ತುಂಬ ಭಾರ, ಮುಂದೆ ಇಟ್ಟರೆ ಮೂತಿ ತಗ್ಗುತ್ತದೆ ಅಂತ ಹಿಂದೆ ಇಟ್ಟಿದೆ. ವೈರಿಂಗ್ ಒಬ್ಬ ಎಲೆಕ್ಟ್ರಿಷಿಯನ್ ಮಾಡಿಕೊಟ್ಟರು. ಮೀನುಗಾರಿಕೆ ಇಲಾಖೆಯ ಪರವಾನಗಿ ಇದೆ.

ಜಿಪಿಎಸ್ ಭಾಗವೇ ಕೆಟ್ಟಿದೆ, ವಾಪಸ್ ಕಳಿಸು ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಮೊದಲ ದಿನ ಸ್ಯಾಟಲೈಟ್ ಸಿಗಲು ಕಾಲು ಗಂಟೆ ಹಿಡಿಯಿತು, ಆದ್ದರಿಂದ ನನಗೂ ಹಾಗೇ ಅನಿಸುತ್ತಿದೆ.

ಲಕ್ಕವಳ್ಳಿ ಗಾಳ, ಚಿಕ್ಕಮಗಳೂರು

ವಾಪಸ್ ಕಳಿಸಬೇಡಿ ಸರ್. ನೀವು ಬರೆದ ಲಕ್ಷಣ ನೋಡಿದರೆ ಜಿಪಿಎಸ್ ಚೆನ್ನಾಗಿಯೇ ಇದೆ.

ಮೊದಲ ದಿನದ ಕಾಲು ಗಂಟೆಗೆ ಕಾರಣ ಬೇರೆ. ದೂರದ ದೇಶದಲ್ಲಿ ಪ್ಯಾಕ್ ಆದ ರಿಸೀವರ್‌ಗೆ ತಾನು ಎಲ್ಲಿದ್ದೇನೆ, ಯಾವ ಸ್ಯಾಟಲೈಟ್ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಸ್ಯಾಟಲೈಟ್ ಕಳಿಸುವ ಪೂರ್ತಿ ಮಾಹಿತಿ ಒಂದು ಸುತ್ತು ಬರಲು 12.5 ನಿಮಿಷ ಬೇಕು. ಮೊದಲ ಸಲ ತಡವಾಗುವುದು ಮಾಮೂಲಿ. ಆಮೇಲಿನ ದಿನಗಳಲ್ಲಿ ಬೇಗ ಸಿಗುತ್ತಿದೆ ತಾನೆ? ಹಾಗಿದ್ದರೆ ಆ ಚಿಂತೆ ಬಿಡಿ.

ಇಂಥ ಮೋಟಾರ್‌ನಲ್ಲಿ ದೋಣಿ ಹೇಗೆ ತಪ್ಪುತ್ತದೆ ಎಂಬುದನ್ನು ನೋಡಿಯೇ ಅರ್ಧ ರೋಗ ಹೇಳಬಹುದು. ಜಿಪಿಎಸ್ ಸಿಗ್ನಲ್ ಸರಿ ಇಲ್ಲದಿದ್ದರೆ ದೋಣಿ ಗೊತ್ತು ಗುರಿಯಿಲ್ಲದೆ ಅಲೆಯುತ್ತದೆ, ಒಮ್ಮೆ ಎಡಕ್ಕೆ ಒಮ್ಮೆ ಹಿಂದಕ್ಕೆ, ಅದಕ್ಕೊಂದು ಆಕಾರ ಇರುವುದಿಲ್ಲ. ತೆರೆದ ಆಕಾಶದ ಕೆಳಗೂ ಸಾಮಾನ್ಯ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಆಚೀಚೆ ಆಗುತ್ತದೆ, ಅಷ್ಟನ್ನು ಸಹಿಸಿಕೊಳ್ಳಬೇಕು. ಆದರೆ ದೋಣಿ ಒಂದೇ ದಿಕ್ಕಿಗೆ ಬಾಗಿ ಸುತ್ತು ಹೊಡೆಯುತ್ತಿದೆ ಅಂದರೆ ಮೋಟಾರಿಗೆ ಜಾಗ ಗೊತ್ತಿದೆ, ಯಾವ ಕಡೆ ಮುಖ ಮಾಡಿದ್ದೇನೆ ಎಂಬುದು ಗೊತ್ತಿಲ್ಲ. ಅದು ದಿಕ್ಸೂಚಿಯ ತೊಂದರೆ. ಜಿಪಿಎಸ್ ಹೇಳುವುದು ನಿಂತ ಜಾಗ ಮಾತ್ರ. ನಿಂತಲ್ಲೇ ತಿರುಗಿದರೆ ಅದಕ್ಕೆ ತಿಳಿಯುವುದಿಲ್ಲ, ದಿಕ್ಸೂಚಿ ಹೇಳಬೇಕು. ಇನ್ನು ತಲೆ ಆಫ್ ಆಗಿ ಆನ್ ಆಗುವುದು ಇವೆರಡೂ ಅಲ್ಲ, ಅದು ವೋಲ್ಟೇಜ್.

ನನಗೆ ಎರಡು ವಿಷಯ ಬೇಕು. ನಿಧಾನ ಸ್ಪೀಡ್‌ನಲ್ಲಿ ಸರಿಯಾಗಿದ್ದು ಜೋರು ಕೊಟ್ಟಾಗ ಮಾತ್ರ ಸುತ್ತು ಶುರುವಾಗುತ್ತದಾ? ಇನ್ನೊಂದು, ಮಲ್ಟಿಮೀಟರ್ ಇದ್ದರೆ ಪೂರ್ತಿ ಸ್ಪೀಡ್‌ನಲ್ಲಿ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಹತ್ತಿರ ಒಮ್ಮೆ, ಮೋಟಾರ್ ಪ್ಲಗ್ ಹತ್ತಿರ ಒಮ್ಮೆ ಅಳೆಯಿರಿ. ನಿಂತಾಗ ಅಳೆದರೆ ಏನೂ ತಿಳಿಯುವುದಿಲ್ಲ. ಪ್ರೊಪೆಲರ್ ನೀರಿನೊಳಗೆ ಇರಲಿ, ಗಾಳಿಯಲ್ಲಿ ತಿರುಗಿಸಿದರೆ ಲೋಡ್ ಬರುವುದಿಲ್ಲ. ವೈರ್ ದಪ್ಪ ಎಷ್ಟು, ಎಲ್ಲಿಂದ ಹೋಗಿದೆ ಅಂತಲೂ ಬರೆಯಿರಿ.

ಗೊರೂರು ಹಿನ್ನೀರು, ಹಾಸನ

ತುಂಬ ಥ್ಯಾಂಕ್ಸ್ ಅಣ್ಣ. ದಂಡೆಗೆ ಕಟ್ಟಿಕೊಂಡು ಅಳೆದೆ. ನಿಂತಾಗ ಬ್ಯಾಟರಿ 12.6. ಪೂರ್ತಿ ಜೋರಿನಲ್ಲಿ ಬ್ಯಾಟರಿ ಹತ್ತಿರ 11.8, ಮೋಟಾರ್ ಪ್ಲಗ್ ಹತ್ತಿರ 10.1. ವೈರ್ ಮೇಲೆ 6 ಚದರ ಮಿ.ಮೀ. ಅಂತ ಬರೆದಿದೆ, ಮನೆಗೆ ಎಳೆಯುವ ತಾಮ್ರದ ವೈರ್. ಹಿಂದಿನಿಂದ ಮುಂದಕ್ಕೆ 5 ಮೀಟರ್ ಇದೆ. ಪ್ಲಸ್ ವೈರ್ ಎಡ ಅಂಚಿನಲ್ಲಿ ಬರುತ್ತದೆ, ಯಾಕೆಂದರೆ ಬ್ರೇಕರ್ ಆ ಕಡೆ ಇದೆ. ಮೈನಸ್ ಬಲ ಅಂಚಿನಲ್ಲಿ. ಬ್ರೇಕರ್ ಮನೆಯ ಬೋರ್ಡಿನಲ್ಲಿ ಇರುವಂಥ 63 ಆಂಪಿಯರ್ ಎಂಸಿಬಿ.

ನೀವು ಹೇಳಿದ್ದು ನಿಜ, ನಿಧಾನ ಸ್ಪೀಡ್‌ನಲ್ಲಿ ನೇರ ಹೋಗುತ್ತದೆ. ಜೋರು ಕೊಟ್ಟಾಗ ಮಾತ್ರ ಪಕ್ಕಕ್ಕೆ ಎಳೆಯುತ್ತದೆ. ಇದನ್ನು ನಾನು ಗಾಳಿಯ ಕಾಟ ಅಂದುಕೊಂಡಿದ್ದೆ.

ಅರಸೀಕೆರೆ ಕರೆಂಟ್

ನಾನು ಮೀನು ಹಿಡಿಯುವವನಲ್ಲ, ಸೋಲಾರ್ ಮತ್ತು ಬ್ಯಾಟರಿ ಕೆಲಸ ಮಾಡುತ್ತೇನೆ, ಆದರೆ ಈ ಅಳತೆ ನೋಡಿ ಸುಮ್ನೆ ಇರಲು ಆಗಲಿಲ್ಲ. ನಿಮ್ಮ ಎರಡೂ ತೊಂದರೆ ಒಂದೇ ಕಡೆಯಿಂದ ಬರುತ್ತಿವೆ. ವೈರ್.

ಲೆಕ್ಕ ನೋಡಿ. 6 ಚದರ ಮಿ.ಮೀ. ತಾಮ್ರದ ವೈರ್ ಮೀಟರ್‌ಗೆ ಸುಮಾರು 3 ಮಿಲಿಓಮ್. ಹೋಗಿ ಬರುವ ದಾರಿ 10 ಮೀಟರ್, ಅಂದರೆ 30 ಮಿಲಿಓಮ್. 55 ಪೌಂಡ್ ಮೋಟಾರ್ ಪೂರ್ತಿ ಜೋರಿನಲ್ಲಿ 50 ಆಂಪಿಯರ್ ಹತ್ತಿರ ಎಳೆಯುತ್ತದೆ. ಎರಡನ್ನೂ ಗುಣಿಸಿ, 1.5 ವೋಲ್ಟ್ ವೈರಿನಲ್ಲೇ ಬಿಸಿಯಾಗಿ ಹೋಯಿತು. ನಿಮಗೆ ಸಿಕ್ಕಿದ್ದು 1.7. ಉಳಿದ ಸ್ವಲ್ಪ ಬ್ರೇಕರ್ ಮತ್ತು ಜಾಯಿಂಟ್‌ಗಳದ್ದು. ಮನೆಯ 230 ವೋಲ್ಟ್‌ನಲ್ಲಿ ಒಂದೂವರೆ ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, 12 ವೋಲ್ಟ್‌ನಲ್ಲಿ ಅದು ಎಂಟರಲ್ಲೊಂದು ಪಾಲು. ಮನೆ ವೈರಿಂಗ್ ಮಾಡಿ ಕೈ ಪಳಗಿದವರು 12 ವೋಲ್ಟ್ ಕೆಲಸಕ್ಕೆ ಬಂದಾಗ ಹೀಗೇ ಆಗುತ್ತದೆ, ಯಾಕೆಂದರೆ ಆಂಪಿಯರ್ ಲೆಕ್ಕದಲ್ಲಿ 6 ಚದರ ಮಿ.ಮೀ. ಸಾಕು ಅನಿಸುತ್ತದೆ. ಇಲ್ಲಿ ನೋಡಬೇಕಾದ್ದು ವೋಲ್ಟ್ ಎಷ್ಟು ಬೀಳುತ್ತದೆ ಎಂಬುದನ್ನು. ಹಾಗೆ ಬಿದ್ದಾಗ ಮೋಟಾರ್ ತಿರುಗುತ್ತಲೇ ಇರಬಹುದು, ತಲೆಯೊಳಗಿನ ಎಲೆಕ್ಟ್ರಾನಿಕ್ಸ್ ತಾಳುವುದಿಲ್ಲ. ಬ್ಯಾಟರಿ ಸ್ವಲ್ಪ ಖಾಲಿಯಾದ ಮೇಲೆ ಇನ್ನೂ ಬೇಗ ಆಫ್ ಆಗುತ್ತದೆ.

ಈಗ ಸುತ್ತು ಹೊಡೆಯುವ ವಿಷಯ, ನನಗೆ ಇದೇ ಹೆಚ್ಚು ಮುಖ್ಯ ಅನಿಸಿತು. ಕರೆಂಟ್ ಹರಿಯುವ ವೈರ್ ಸುತ್ತ ಕಾಂತಕ್ಷೇತ್ರ ಇರುತ್ತದೆ, ಶಾಲೆಯಲ್ಲಿ ಓದಿದ್ದೇ. 50 ಆಂಪಿಯರ್ ಹರಿಯುವ ಒಂಟಿ ವೈರಿನಿಂದ 10 ಸೆಂ.ಮೀ. ದೂರದಲ್ಲಿ ಅದು 100 ಮೈಕ್ರೋಟೆಸ್ಲಾ. ನಮ್ಮ ಕಡೆ ಭೂಮಿಯದ್ದೇ ಸುಮಾರು 40. ಅಂದರೆ ಪ್ಲಸ್ ವೈರ್ ಸೆನ್ಸರ್ ಪಕ್ಕದಲ್ಲಿ ಒಂಟಿಯಾಗಿ ಹೋಗಿದ್ದರೆ ಜೋರು ಕೊಟ್ಟ ತಕ್ಷಣ ದಿಕ್ಸೂಚಿಗೆ ಭೂಮಿಗಿಂತ ನಿಮ್ಮ ವೈರೇ ದೊಡ್ಡದಾಗಿ ಕಾಣುತ್ತದೆ. ನಿಧಾನ ಸ್ಪೀಡ್‌ನಲ್ಲಿ ಕರೆಂಟ್ ಕಮ್ಮಿ, ಅದಕ್ಕೇ ಆಗ ಸರಿ ಇರುತ್ತದೆ. ಪ್ಲಸ್ ಮತ್ತು ಮೈನಸ್ ಎರಡನ್ನೂ ಒಟ್ಟಿಗೆ ಅಂಟಿಸಿ ತಂದರೆ ಒಂದರ ಕ್ಷೇತ್ರವನ್ನು ಇನ್ನೊಂದು ಬಹುಪಾಲು ಅಳಿಸಿಹಾಕುತ್ತದೆ. ದುಡ್ಡು ಖರ್ಚಿಲ್ಲದ ಕೆಲಸ, ಮೊದಲು ಇದನ್ನೇ ಮಾಡಿ.

ವೈರಿಗೆ 25 ಚದರ ಮಿ.ಮೀ. ಹಾಕಿ. ವೆಲ್ಡಿಂಗ್ ಕೇಬಲ್ ಬಾಗುತ್ತದೆ, ದೋಣಿಗೆ ಒಳ್ಳೆಯದು. ಆದರೆ ಅಂಗಡಿಯಲ್ಲಿ ತುದಿ ಬಿಡಿಸಿ ತಾಮ್ರವೇ ಅಂತ ನೋಡಿ ತನ್ನಿ, ಅಲ್ಯೂಮಿನಿಯಂದೂ ಇರುತ್ತದೆ. ವೈರಿನ ತುದಿಗೆ ಹಾಕುವ ತಾಮ್ರದ ಲಗ್ ಅನ್ನು ದೊಡ್ಡ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿಸಿ, ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜಿದರೆ ಆಗದು. ಮನೆಯ ಎಸಿ ಎಂಸಿಬಿ ತೆಗೆದುಬಿಡಿ. ಡಿಸಿಯಲ್ಲಿ ಕಿಡಿ ತಾನಾಗಿ ಆರುವುದಿಲ್ಲ, ಎಸಿ ಬ್ರೇಕರ್ ಅದಕ್ಕೆ ಮಾಡಿದ್ದಲ್ಲ. 60 ಆಂಪಿಯರ್ ಡಿಸಿ ಬ್ರೇಕರ್ ಬೇಕು, ಅದು ಬ್ಯಾಟರಿಯ ಪಕ್ಕದಲ್ಲೇ ಇರಲಿ. ಫೈಬರ್ ದೋಣಿ, ನೀರಿನ ಮಧ್ಯೆ ಬೆಂಕಿ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಲಕ್ಕವಳ್ಳಿ ಗಾಳ, ಚಿಕ್ಕಮಗಳೂರು

ಅರಸೀಕೆರೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಭದ್ರಾ ಹಿನ್ನೀರಿನಲ್ಲಿ ಸ್ನೇಹಿತರ ದೋಣಿಯಲ್ಲೂ ಒಂಟಿ ವೈರಿನಿಂದ ಇದೇ ಕಾಟ ಇತ್ತು.

ವೈರ್ ಬದಲಿಸಿದ ಮೇಲೆ ದಿಕ್ಸೂಚಿಯನ್ನು ಹೊಸದಾಗಿ ಕ್ಯಾಲಿಬ್ರೇಟ್ ಮಾಡಲೇಬೇಕು, ಅಂದರೆ ಅದಕ್ಕೆ ದಿಕ್ಕನ್ನು ಮತ್ತೆ ಕಲಿಸಬೇಕು, ಹಳೆಯದು ಉಪಯೋಗಕ್ಕೆ ಬಾರದು. ಗಾಳಿ ಇಲ್ಲದ ಬೆಳಿಗ್ಗೆ ದಂಡೆಯಿಂದ ದೂರ, ಸೇತುವೆ ಮತ್ತು ಹೈಟೆನ್ಷನ್ ಲೈನ್‌ನಿಂದ ದೂರ ಹೋಗಿ, ಕೈಪಿಡಿಯಲ್ಲಿ ಹೇಳಿದ ಗುಂಡಿ ಒತ್ತಿ ನಿಧಾನವಾಗಿ ದೊಡ್ಡ ಸುತ್ತು ತಿರುಗಿಸಿ. ಅವಸರ ಮಾಡಿದರೆ ಕೆಡುತ್ತದೆ. ಅದಕ್ಕೂ ಮೊದಲು ಸೆನ್ಸರ್ ಸುತ್ತ ಎರಡಡಿ ಒಳಗೆ ಏನೇನಿದೆ ನೋಡಿ. ಕಬ್ಬಿಣದ ಇಕ್ಕಳ, ಲಂಗರಿನ ಸರಪಳಿ, ಬ್ಲೂಟೂತ್ ಸ್ಪೀಕರ್, ಮೊಬೈಲ್, ಎಲ್ಲವೂ ತೊಂದರೆ ಕೊಡುತ್ತವೆ. ಸ್ಪೀಕರ್ ಒಳಗೆ ಆಯಸ್ಕಾಂತವೇ ಇರುತ್ತದೆ. ಸೆನ್ಸರ್ ಮೇಲಿನ ಬಾಣದ ಗುರುತು ದೋಣಿಯ ಮೂತಿಗೆ ನೇರ ಇದೆಯಾ ಅಂತಲೂ ನೋಡಿ.

ಡಿಕ್ಲಿನೇಷನ್ ಬದಲಿಸಿ ಅಂತ ಯಾರಾದರೂ ಹೇಳಿದರೆ ಅದರ ಹಿಂದೆ ಹೋಗಬೇಡಿ. ನಮ್ಮ ಕಡೆ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿ ಅಷ್ಟೇ ವ್ಯತ್ಯಾಸ, ಡಿಕ್ಲಿನೇಷನ್ ಅಂದರೆ ಅದೇ. ಅಷ್ಟಕ್ಕೆ ದೋಣಿ ಸುತ್ತುವುದಿಲ್ಲ.

ಬೇಲೂರು ಯಗಚಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಹಾಸನದಲ್ಲೇ ಇಸ್ರೋದ ಎಂಸಿಎಫ್ (ಸ್ಯಾಟಲೈಟ್ ನಿಯಂತ್ರಣ ಕೇಂದ್ರ) ಇದೆಯಲ್ಲ, ಜಿಪಿಎಸ್ ಥರದ ನಮ್ಮ ದೇಶದ ನಾವಿಕ್ ಸ್ಯಾಟಲೈಟ್‌ಗಳನ್ನು ಅಲ್ಲಿಂದಲೇ ನೋಡಿಕೊಳ್ಳುತ್ತಾರೆ. ಈ ಮೋಟಾರ್ ನಾವಿಕ್ ಹಿಡಿದರೆ ಇನ್ನೂ ಚೆನ್ನಾಗಿ ನಿಲ್ಲುತ್ತದಾ?

ಲಕ್ಕವಳ್ಳಿ ಗಾಳ, ಚಿಕ್ಕಮಗಳೂರು

ಒಳ್ಳೆಯ ಪ್ರಶ್ನೆ. ಮೊದಲಿನ ನಾವಿಕ್ ಸ್ಯಾಟಲೈಟ್‌ಗಳು ಎಲ್5 ಮತ್ತು ಎಸ್ ಎಂಬ ರೇಡಿಯೋ ಬ್ಯಾಂಡ್‌ನಲ್ಲಿ ಮಾತ್ರ ಕಳಿಸುತ್ತವೆ. ಸಾಮಾನ್ಯ ಜಿಪಿಎಸ್ ರಿಸೀವರ್ ಕೇಳುವುದು ಎಲ್1. ಎಲ್1 ಇರುವ ಮೊದಲ ನಾವಿಕ್ ಸ್ಯಾಟಲೈಟ್ ಎನ್‌ವಿಎಸ್-01, ಅದು ಹೋಗಿದ್ದು 2023ರ ಮೇ ತಿಂಗಳಲ್ಲಿ. ಅದಕ್ಕೇ ಕೈಪಿಡಿಯಲ್ಲಿ ನಾವಿಕ್ ಅಂತ ಬರೆದಿಲ್ಲದಿದ್ದರೆ ಆ ಆಸೆ ಇಟ್ಟುಕೊಳ್ಳಬೇಡಿ. ಹೆಚ್ಚು ಉಪಯೋಗಕ್ಕೆ ಬರುವುದು ಗಗನ್, ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ವಿಮಾನಗಳಿಗಾಗಿ ಮಾಡಿದ್ದು. ಅದು ಜಿಪಿಎಸ್‌ನ ತಪ್ಪನ್ನು ತಿದ್ದಿ ಎಲ್1ನಲ್ಲೇ ಕಳಿಸುತ್ತದೆ. ಮೆನುವಿನಲ್ಲಿ ಎಸ್‌ಬಿಎಎಸ್ (ಗಗನ್ ಥರದ ತಿದ್ದುಪಡಿ ವ್ಯವಸ್ಥೆಗಳ ಹೆಸರು) ಅಂತ ಇದ್ದರೆ ಆನ್ ಇಡಿ.

ಗೊರೂರು ಹಿನ್ನೀರು, ಹಾಸನ

ಎಲ್ಲ ಮಾಡಿಸಿ ನೀರಿಗೆ ಇಳಿಸಿದೆ. ಮೊದಲು ಹಳೆಯ ವೈರನ್ನೇ ಒಟ್ಟಿಗೆ ಕಟ್ಟಿ ನೋಡಿದೆ, ಯಾಕೆಂದರೆ ಒಂದೊಂದಾಗಿ ಬದಲಿಸಿದರೆ ತಾನೆ ಯಾವುದರಿಂದ ಏನಾಯಿತು ಅಂತ ತಿಳಿಯುವುದು. ಕ್ಯಾಲಿಬ್ರೇಟ್ ಮಾಡಿ ಜೋರು ಕೊಟ್ಟೆ. ಸುತ್ತು ನಿಂತಿತು, ಅಷ್ಟರಿಂದಲೇ! ಆಫ್ ಆಗುವುದು ಮಾತ್ರ ಹಾಗೇ ಇತ್ತು. ಆಮೇಲೆ 25ರ ಕೇಬಲ್, ಡಿಸಿ ಬ್ರೇಕರ್ ಹಾಕಿಸಿದೆ. ಈಗ ಪೂರ್ತಿ ಜೋರಿನಲ್ಲಿ ಮೋಟಾರ್ ಹತ್ತಿರ 11.3 ವೋಲ್ಟ್ ಬರುತ್ತಿದೆ. ಮಧ್ಯಾಹ್ನದ ಗಾಳಿಯಲ್ಲಿ ಬೇಕೆಂದೇ ಬಯಲು ನೀರಿಗೆ ಹೋಗಿ ನಿಲ್ಲಿಸಿದೆ. ಮೂತಿಯನ್ನು ಗಾಳಿಗೆ ಕೊಟ್ಟು ನಿಂತಲ್ಲೇ ನಿಂತಿತು, ಒಂದು ದೋಣಿಯುದ್ದ ಆಚೀಚೆ ಅಷ್ಟೇ. ತಳ್ಳುವ ಶಕ್ತಿಯೂ ಜಾಸ್ತಿಯಾಗಿದೆ.

ಇಬ್ಬರಿಗೂ ಮನಸಾರೆ ಧನ್ಯವಾದ. ವಾಪಸ್ ಕಳಿಸಿದ್ದರೆ ಹೊಸ ಮೋಟಾರಿಗೂ ಇದೇ ವೈರ್ ಹಾಕಿ ಇದೇ ಗತಿ ಆಗುತ್ತಿತ್ತು. ಒಂದು ಕೊನೆಯ ಪ್ರಶ್ನೆ: 150 ಎಎಚ್ ಅಂದರೆ ಪೂರ್ತಿ ಜೋರಿನಲ್ಲಿ 3 ಗಂಟೆ ಓಡಬೇಕಲ್ಲ, ಅಷ್ಟು ಬರುತ್ತಿಲ್ಲ.

ಅರಸೀಕೆರೆ ಕರೆಂಟ್

ಬರುವುದಿಲ್ಲ ಸರ್. ಆ 150 ಎಂಬುದು 10 ಅಥವಾ 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದಾಗಿನ ಲೆಕ್ಕ, ಬ್ಯಾಟರಿ ಮೇಲೆ ಸಿ10 ಅಥವಾ ಸಿ20 ಅಂತ ಬರೆದಿರುತ್ತದೆ. 50 ಆಂಪಿಯರ್‌ನಲ್ಲಿ ಎಳೆದರೆ ಅಷ್ಟು ಸಿಗದು. ಸಿಕ್ಕರೂ ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಬೇಗ ಸಾಯುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು ಅಳೆದಾಗ 12.2ಕ್ಕೆ ಬಂದಿದ್ದರೆ ದಂಡೆ ಕಡೆ ತಿರುಗಿಸಿ. ಅರ್ಧ ಸ್ಪೀಡ್‌ನಲ್ಲಿ ಕರೆಂಟ್ ಅರ್ಧಕ್ಕಿಂತ ಬಹಳ ಕಮ್ಮಿ, ಓಡಾಡುವಾಗ ಹಾಗೇ ಓಡಿಸಿ. ಮುಂದೆ ದುಡ್ಡು ಕೂಡಿದಾಗ ಲಿಥಿಯಂ ಫಾಸ್ಫೇಟ್ ನೋಡಿ. 100 ಎಎಚ್‌ನದ್ದು 12 ಕೆಜಿ ಆಸುಪಾಸು, ಮುಂದೆಯೇ ಇಡಬಹುದು, ಕೇಬಲ್ಲೂ ಗಿಡ್ಡವಾಗುತ್ತದೆ. ಆಗ ಅದನ್ನು ಸೆನ್ಸರ್‌ನಿಂದ ದೂರ ಇಡುವುದು ಮರೆಯಬೇಡಿ, ಮತ್ತೆ ಕ್ಯಾಲಿಬ್ರೇಟ್ ಮಾಡಿ.

ಲಕ್ಕವಳ್ಳಿ ಗಾಳ, ಚಿಕ್ಕಮಗಳೂರು

ಪ್ರೊಪೆಲರ್ ಬಿಚ್ಚಿ ಹಿಂದೆ ಗಾಳದ ದಾರ ಸುತ್ತಿಕೊಂಡಿದೆಯಾ ಅಂತ ಆಗಾಗ ನೋಡುತ್ತಿರಿ. ದಾರ ಒಳಗೆ ಸೇರಿದರೆ ಸೀಲ್ ಕೊಯ್ದು ನೀರು ಹೋಗುತ್ತದೆ. ನಿಮ್ಮ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆ ಇರುತ್ತವೆ, ತಗುಲಿದರೆ ಪ್ರೊಪೆಲರಿನ ಪಿನ್ ತುಂಡಾಗುತ್ತದೆ. ಒಂದು ಹೆಚ್ಚುವರಿ ಪಿನ್, ಅದಕ್ಕೆ ಹೊಂದುವ ಸ್ಪ್ಯಾನರ್ ದೋಣಿಯಲ್ಲೇ ಇರಲಿ. ಹುಟ್ಟನ್ನೂ ಮನೆಯಲ್ಲಿ ಬಿಟ್ಟು ಹೋಗಬೇಡಿ.