ಉದ್ಯಮಬಾಗದ ಫೌಂಡ್ರಿಗೆ ಪತ್ರ ಬರೆಯಬೇಕು, ಆದರೆ ಅಲ್ಲಿ ಕೆಲಸ ಖಾಲಿ ಇದೆ ಅಂತ ಯಾರೂ ಹೇಳಿಲ್ಲ

ಪೀಣ್ಯ_ಕ್ಯೂಸಿ:
ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. ನಾಲ್ಕು ವರ್ಷದಿಂದ ಬೆಂಗಳೂರಿನ ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಇನ್‌ಕಮಿಂಗ್ ಇನ್‌ಸ್ಪೆಕ್ಷನ್, ಅಂದರೆ ಹೊರಗಿನಿಂದ ಬರುವ ಮಾಲಿನ ತಪಾಸಣೆ, ನೋಡಿಕೊಳ್ಳುತ್ತಿದ್ದೇನೆ. ಊರು ಬೆಳಗಾವಿ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಇದ್ದಾಳೆ. ಹದಿನೈದು ದಿನಕ್ಕೊಮ್ಮೆ ಶನಿವಾರ ರಾತ್ರಿ ಬಸ್ಸು ಹತ್ತುತ್ತೇನೆ, ಭಾನುವಾರ ರಾತ್ರಿ ಮತ್ತೆ ಬಸ್ಸು. ಸೋಮವಾರ ವರ್ನಿಯರ್ ಹಿಡಿದರೆ ಗೆರೆಗಳೇ ಕುಣಿಯುತ್ತವೆ.

ನಮಗೆ ಕಾಸ್ಟಿಂಗ್ (ಕಬ್ಬಿಣ ಕರಗಿಸಿ ಅಚ್ಚಿಗೆ ಸುರಿದು ಮಾಡಿದ ಬಿಡಿಭಾಗ) ಬರುವುದು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಫೌಂಡ್ರಿಯಿಂದ. ಅವರೇ ಮಷೀನಿಂಗ್ (ಕಾಸ್ಟಿಂಗನ್ನು ಕಡೆದು ಅಳತೆಗೆ ತರುವ ಕೆಲಸ) ಕೂಡ ಶುರು ಮಾಡುತ್ತಿದ್ದಾರಂತೆ, ಲೋಡ್ ತಂದ ಡ್ರೈವರ್ ಹೇಳಿದರು. ಪೇಪರ್‌ನಲ್ಲಿ ಏನೂ ಬಂದಿಲ್ಲ. ‘ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಟೀಮ್ ಪ್ಲೇಯರ್’ ಅಂತ ಮೂರು ಸಲ ಬರೆದು ಅಳಿಸಿದೆ. ಯಾರ ಹೆಸರಿಗೆ ಬರೆಯಲಿ? ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ? ಅವರು ನಮ್ಮ ಬಾಸ್‌ಗೆ ಫೋನ್ ಮಾಡಿಬಿಟ್ಟರೆ?

ಗೇಟ್‌ಪಾಸ್:
ಪತ್ರ ಗಿತ್ರ ಬಿಡಿ. ಒಂದು ಸೋಮವಾರ ರಜೆ ಹಾಕಿ ಗೇಟಿಗೇ ಹೋಗಿ. ಮೊದಲ ಸಲ ಸೆಕ್ಯುರಿಟಿಯವರು ಬಯೋಡೇಟಾ ತಗೊಂಡು ಡ್ರಾಯರ್‌ಗೆ ಹಾಕುತ್ತಾರೆ. ಎರಡನೇ ಸಲ ಒಳಗೆ ಬಿಡುತ್ತಾರೆ. ನನಗೆ ಸಿಕ್ಕಿದ್ದು ಹಾಗೇ.

ಮಾಚೇನಹಳ್ಳಿ_ಹಳಬ:
ಗೇಟಿಗೆ ಹೋಗುವುದು ತಪ್ಪಲ್ಲ, ಆದರೆ ಈ ಹುಡುಗಿ ಅವರ ಗಿರಾಕಿ ಕಡೆಯವಳು. ಗೇಟಲ್ಲಿ ಕಂಡರೆ ಸಂಜೆಯೊಳಗೆ ಪೀಣ್ಯಕ್ಕೆ ಸುದ್ದಿ ಮುಟ್ಟುತ್ತದೆ.

ನಾನು ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಹತ್ತೊಂಬತ್ತು ವರ್ಷ ಫೌಂಡ್ರಿ ಕ್ವಾಲಿಟಿ ನೋಡಿದವನು. ಬರುವ ಪತ್ರಗಳ ಮೊದಲ ಎರಡು ಸಾಲು ಓದುತ್ತಿದ್ದೆ, ಅಷ್ಟೇ. ಎಲ್ಲರೂ ಸಿನ್ಸಿಯರ್ರೇ! ಒಂದು ಪತ್ರ ಮಾತ್ರ ಇಟ್ಟುಕೊಂಡಿದ್ದೆ. ಆ ಹುಡುಗ ಬರೆದಿದ್ದ: ಬ್ಲೋಹೋಲ್ (ಗಾಳಿ ಸಿಕ್ಕಿ ಒಳಗೆ ಆದ ತೂತು) ಮಷೀನಿಂಗ್ ಆದ ಮೇಲೆ ಕಾಣಿಸಿದರೆ ಕಾಸ್ಟಿಂಗಿನ ಜೊತೆ ಮಷೀನ್ ಟೈಮೂ ದಂಡ, ಅದನ್ನು ಮೊದಲೇ ಹಿಡಿಯುವ ಕೆಲಸ ಮಾಡುತ್ತಿದ್ದೇನೆ ಅಂತ. ಅವತ್ತೇ ಕರೆಸಿದೆ.

ನೋಡಮ್ಮ, ನಿನಗೆ ಅದಕ್ಕಿಂತ ಜಾಸ್ತಿ ಗೊತ್ತು. ಕೋರ್ (ಒಳಗಿನ ಟೊಳ್ಳಿಗಾಗಿ ಅಚ್ಚಿನಲ್ಲಿಡುವ ಮರಳಿನ ತುಂಡು) ಸರಿದರೆ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮಷೀನಿಂಗ್ ಅಲೊಯನ್ಸ್ (ಕಡೆಯಲು ಬಿಟ್ಟ ಹೆಚ್ಚಿನ ದಪ್ಪ) ಸಾಲದಿದ್ದರೆ ಟೂಲ್ ಹೋದರೂ ಮೇಲಿನ ಕಪ್ಪು ಪದರ ಉಳಿಯುತ್ತದೆ. ಇದನ್ನೆಲ್ಲ ಗಿರಾಕಿ ಕಡೆ ನಿಂತು ನೋಡಿದವರು ಫೌಂಡ್ರಿಗೆ ಸುಲಭವಾಗಿ ಸಿಗುವುದಿಲ್ಲ. ಅದನ್ನೇ ಬರಿ. ಆದರೆ ನಿಮ್ಮ ಶಾಪಿನ ಡ್ರಾಯಿಂಗ್, ರೇಟು, ರಿಜೆಕ್ಷನ್ ಲೆಕ್ಕ ಒಂದೂ ಬರೆಯಬೇಡ. ಇವತ್ತು ಅವರದ್ದು ನಮಗೆ ಹೇಳಿದವಳು ನಾಳೆ ನಮ್ಮದನ್ನೂ ಹೇಳುತ್ತಾಳೆ ಅಂತ ಅಂದುಕೊಳ್ಳುತ್ತಾರೆ.

ಕ್ವಾಲಿಟಿ ಹೆಡ್ ಹೆಸರಿಗೆ ಬರಿ. ಮಾಲಿನ ಜೊತೆ ಬರುವ ಅವರ ಟೆಸ್ಟ್ ಸರ್ಟಿಫಿಕೇಟ್ ಕೆಳಗೆ ಸಹಿ ಇರುತ್ತದಲ್ಲ, ಅವರೇ. ಮೇಲ್ ನಿನ್ನ ಸ್ವಂತ ಐಡಿಯಿಂದ ಹೋಗಲಿ, ಕಂಪನಿಯದ್ದರಿಂದ ಅಲ್ಲ. ಇಂಗ್ಲಿಷ್‌ನಲ್ಲೇ ಬರಿ, ಸಣ್ಣ ಸಣ್ಣ ಸಾಲು. ಹೋದ ಮೇಲೆ ಮಾತು ಕನ್ನಡ, ಮರಾಠಿ ಯಾವುದರಲ್ಲಾದರೂ ನಡೆಯುತ್ತದೆ.

ಪೀಣ್ಯ_ಕ್ಯೂಸಿ:
ಸರ್, ಸರ್ಟಿಫಿಕೇಟ್ ಕೆಳಗಿನ ಸಹಿ ವಾರಕ್ಕೆರಡು ಸಲ ನೋಡುತ್ತೇನೆ, ಹೊಳೆದೇ ಇರಲಿಲ್ಲ! ಇಂಗ್ಲಿಷ್‌ನಲ್ಲಿ ಬರೆದಿದ್ದನ್ನು ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ:

‘ನಾಲ್ಕು ವರ್ಷದಿಂದ ಎಫ್‌ಜಿ 260 (ಬೂದು ಎರಕ ಕಬ್ಬಿಣದ ಒಂದು ದರ್ಜೆ) ಕಾಸ್ಟಿಂಗ್‌ಗಳ ಇನ್‌ಕಮಿಂಗ್ ಇನ್‌ಸ್ಪೆಕ್ಷನ್ ಮಾಡುತ್ತಿದ್ದೇನೆ. ಮಾರ್ಕಿಂಗ್ ಟೇಬಲ್, ಹೈಟ್ ಗೇಜ್, ಬ್ರಿನೆಲ್ ಹಾರ್ಡ್‌ನೆಸ್ (ಗಡಸುತನ) ಟೆಸ್ಟ್ ದಿನದ ಕೆಲಸ. ಮಷೀನಿಂಗ್‌ನಲ್ಲಿ ಕಾಣಿಸುವ ಕೋರ್ ಶಿಫ್ಟ್, ಬ್ಲೋಹೋಲ್ ದೋಷ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹುಡುಕಿ ರಿಪೋರ್ಟ್ ಬರೆಯುತ್ತೇನೆ. ನಿಮ್ಮಲ್ಲಿ ಮಷೀನಿಂಗ್ ಶುರುವಾಗುತ್ತಿದೆ ಎಂದು ಕೇಳಿದೆ. ಈಗ ಜಾಗ ಇಲ್ಲದಿದ್ದರೂ ಹತ್ತು ನಿಮಿಷ ಭೇಟಿಗೆ ಅವಕಾಶ ಕೊಡಿ. ನನ್ನ ತಾಯಿ ಒಬ್ಬರೇ ಇದ್ದಾರೆ, ತುಂಬಾ ಕಷ್ಟದಲ್ಲಿದ್ದೇನೆ, ದಯವಿಟ್ಟು ಸಹಾಯ ಮಾಡಿ.’

ಮಾಚೇನಹಳ್ಳಿ_ಹಳಬ:
ಕೊನೆಯ ಸಾಲು ತೆಗಿ. ಕಷ್ಟ ನಿಜವೇ, ಆದರೆ ಅದನ್ನು ಓದಿದವರು ಅಯ್ಯೋ ಪಾಪ ಅಂದು ಮುಂದಿನ ಮೇಲ್ ತೆರೆಯುತ್ತಾರೆ. ‘ಊರು ಬೆಳಗಾವಿ, ಅಲ್ಲೇ ನೆಲೆಸುವ ಯೋಚನೆ ಇದೆ’ ಅಂತ ಹಾಕು. ಬೆಂಗಳೂರಿಂದ ಬಂದವರು ಆರು ತಿಂಗಳಿಗೆ ಓಡಿ ಹೋಗುತ್ತಾರೆ ಅನ್ನುವ ಭಯ ಅವರಿಗೆ ಇದ್ದೇ ಇರುತ್ತದೆ. ನೋಟಿಸ್ ಒಂದು ತಿಂಗಳಾದರೆ ಅದನ್ನೂ ಬರಿ. ‘ಸದ್ಯಕ್ಕೆ ಈ ವಿಷಯ ನಮ್ಮಲ್ಲೇ ಇರಲಿ’ ಅಂತ ಒಂದು ಸಾಲು ಸೇರಿಸು. ಆದರೂ ಬಾಸ್ ಕಿವಿಗೆ ಬೀಳಬಹುದು, ಅದಕ್ಕೆ ತಯಾರಾಗಿರು. ಸಂಬಳದ ಮಾತು ಈಗ ಬೇಡ.

ಗೇಟ್‌ಪಾಸ್:
ಹತ್ತು ದಿನ ಉತ್ತರ ಬರದಿದ್ದರೆ ಮಾತ್ರ ಗೇಟು, ಆಯ್ತಾ?

ಪೀಣ್ಯ_ಕ್ಯೂಸಿ:
ಗುರುವಾರ ಬೆಳಗ್ಗೆ ಕಳಿಸಿದೆ. ಇನ್ನೂ ಉತ್ತರ ಇಲ್ಲ. ಇವತ್ತು ಅವರದ್ದೇ ಲೋಡ್ ಬಂತು. 40 ಪೀಸ್, 3 ರಿಜೆಕ್ಟ್. ರಿಪೋರ್ಟ್ ಹೋಗುವುದು ಅದೇ ಕ್ವಾಲಿಟಿ ಹೆಡ್‌ಗೆ. ಬರೆಯುವಾಗ ಕೈ ಸ್ವಲ್ಪ ತಡೆಯಿತು. ಆದರೂ 3 ಅಂತಲೇ ಬರೆದೆ.